ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ನಿಯಮ ಬದಲಾದರೆ ತಂಡಗಳ ತಂತ್ರಕ್ಕೆ ಏನಾಗುತ್ತದೆ? – ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲ್ಬರ್ನ್, ಅಡಿಲೇಡ್, ಪರ್ತ್ ನಗರಗಳಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ‘ಫೂಟಿ’ ಎಂಬ ಈ ಆಟದ ಪರಿಚಯ ಬಹುಬೇಗ ಆಗುತ್ತದೆ. ಆದರೆ ಆಟ ಅರ್ಥವಾಗತೊಡಗಿತು ಎನ್ನುವಷ್ಟರಲ್ಲಿ ಮುಂದಿನ ಋತುವಿಗೆ ನಿಯಮಗಳು ಬದಲಾಗಿರುತ್ತವೆ, ಅವುಗಳ ಜೊತೆಗೆ ತಂಡಗಳು ಆಡುವ ರೀತಿಯೂ ಬದಲಾಗಿರುತ್ತದೆ. ಹಾಗೆ ಬದಲಾಗಲು ಕಾರಣವೇನು, ಯಾವ ಬದಲಾವಣೆ ಉಳಿಯುತ್ತದೆ, ಯಾವುದು ಕೆಲವೇ ವಾರಗಳಲ್ಲಿ ಸವೆದುಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಈ ಆಟದಲ್ಲಿ ನಿಯಮಕ್ಕೂ ತಂತ್ರಕ್ಕೂ ಇಷ್ಟು ಹತ್ತಿರದ ನಂಟು ಏಕೆ?

ಮುಖ್ಯ ಕಾರಣ, ಈ ಆಟದಲ್ಲಿ ಆಫ್‌ಸೈಡ್ ಎಂಬ ನಿಯಮವೇ ಇಲ್ಲ. ತಂಡವೊಂದರ 18 ಆಟಗಾರರು ಅಂಡಾಕಾರದ ಮೈದಾನದಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಮೈದಾನವೋ 135ರಿಂದ 185 ಮೀಟರ್‌ವರೆಗೆ ಉದ್ದವಿರುತ್ತದೆ. ಅದನ್ನು ಇಡೀ ಕಾಯುವುದು ಯಾವ ತಂಡದಿಂದಲೂ ಆಗದ ಕೆಲಸ. ಹಾಗಾಗಿ ಎಲ್ಲಿ ಜನರನ್ನು ಒತ್ತಾಗಿ ನಿಲ್ಲಿಸಬೇಕು, ಎಲ್ಲಿ ಜಾಗ ಬಿಟ್ಟುಕೊಡಬೇಕು ಎಂಬ ತೀರ್ಮಾನವೇ ತಂತ್ರದ ತಿರುಳಾಗುತ್ತದೆ.

ಇದಕ್ಕೆ ಅಂಕಗಳ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ 6 ಅಂಕಗಳ ಗೋಲ್, ಪಕ್ಕದ ಗಿಡ್ಡ ಕಂಬಗಳ ಕಡೆಯಿಂದ ಹೋದರೆ 1 ಅಂಕದ ಬಿಹೈಂಡ್. ಒದ್ದ ಚೆಂಡು ಕನಿಷ್ಠ 15 ಮೀಟರ್ ಸಾಗಿ, ನೆಲ ಮುಟ್ಟದೆ, ಯಾರ ಕೈಯೂ ತಗುಲದೆ ಹಿಡಿಯಲ್ಪಟ್ಟರೆ ಅದು ‘ಮಾರ್ಕ್’. ಹಿಡಿದವನಿಗೆ ನಿರಾತಂಕವಾಗಿ ಒದೆಯುವ ಹಕ್ಕು ಸಿಗುತ್ತದೆ. ಇಷ್ಟು ಬಯಲಾಗಿರುವ ಆಟಕ್ಕೆ ನಿಯಮಗಳೇ ಬೇಲಿ. ಬೇಲಿಯನ್ನು ಒಂದು ಮೊಳ ಆಚೀಚೆ ಸರಿಸಿದರೂ ಕೋಚ್‌ಗಳ ಲೆಕ್ಕಾಚಾರ ಬೇರೆಯಾಗುತ್ತದೆ.

ನಿಯಮಗಳನ್ನು ಬದಲಿಸುವವರು ಯಾರು? ಇಷ್ಟು ಪದೇ ಪದೇ ಬದಲಿಸುವುದೇಕೆ?

ಮೊದಲ ಲಿಖಿತ ನಿಯಮಗಳನ್ನು 1859ರ ಮೇ ತಿಂಗಳಲ್ಲಿ ಟಾಮ್ ವಿಲ್ಸ್ ಮತ್ತು ಸಂಗಡಿಗರು ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿಗಾಗಿ ಬರೆದರು. ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ 1897ರಲ್ಲಿ ತನ್ನ ಮೊದಲ ಋತುವನ್ನು ಆಡಿತು, 1990ರಲ್ಲಿ ಅದೇ ಲೀಗ್ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್, ಅಂದರೆ ಎಎಫ್‌ಎಲ್ ಆಯಿತು. ಇಂದು ಎಎಫ್‌ಎಲ್ ಕಮಿಷನ್ನಿನದೇ ಕೊನೆಯ ಮಾತು. ಬೇರೆ ದೇಶಗಳ ಒಪ್ಪಿಗೆಗೆ ಕಾಯಬೇಕಾದ ಅಂತರರಾಷ್ಟ್ರೀಯ ಸಂಸ್ಥೆಯ ಹಂಗು ಈ ಆಟಕ್ಕಿಲ್ಲ. ಹಾಗಾಗಿ ಬದಲಾವಣೆ ಸುಲಭ, ಆಗಾಗ ಅವಸರದ್ದೂ ಆಗಿಬಿಡುತ್ತದೆ.

ಬದಲಾವಣೆಯ ಹಿಂದೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಉದ್ದೇಶವಿರುತ್ತದೆ: ಆಟಗಾರರ ಸುರಕ್ಷತೆ, ಆಟದ ವೇಗ ಮತ್ತು ಗೋಲುಗಳ ಸಂಖ್ಯೆ, ಇಲ್ಲವೇ ಅಂಪೈರಿಂಗ್‌ನ ಸರಳತೆ. ಕೋಚ್‌ಗಳ ತಂತ್ರಕ್ಕೂ ಆಡಳಿತಕ್ಕೂ ನಡುವೆ ಹಗ್ಗಜಗ್ಗಾಟ ನಡೆಯುವುದು ಎರಡನೆಯ ಉದ್ದೇಶದ ಸುತ್ತ. 1980ರ ದಶಕದಲ್ಲಿ ತಂಡವೊಂದು ಪಂದ್ಯಕ್ಕೆ ಸರಾಸರಿ 100ಕ್ಕೂ ಹೆಚ್ಚು ಅಂಕ ಗಳಿಸುತ್ತಿದ್ದದ್ದು 2010ರ ದಶಕದ ಕೊನೆಯ ಹೊತ್ತಿಗೆ 80ರ ಆಸುಪಾಸಿಗೆ ಇಳಿದಿತ್ತು. ಕಳೆದ ಹತ್ತಾರು ವರ್ಷಗಳ ಹೆಚ್ಚಿನ ಬದಲಾವಣೆಗಳು ಈ ಇಳಿಕೆಗೆ ಕೊಟ್ಟ ಉತ್ತರಗಳೇ.

ತಂತ್ರದ ಮೇಲೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ ನಿಯಮ ಯಾವುದು?

ನನ್ನ ಮಟ್ಟಿಗೆ ಅದು ಇಂಟರ್‌ಚೇಂಜ್, ಅಂದರೆ ಬೆಂಚಿನಲ್ಲಿರುವ ಆಟಗಾರರನ್ನು ಮೈದಾನದವರೊಂದಿಗೆ ಅದಲುಬದಲು ಮಾಡುವ ಅವಕಾಶ. 1978ಕ್ಕೆ ಮೊದಲು ಒಮ್ಮೆ ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರುವಂತಿರಲಿಲ್ಲ. ಬೆಂಚಿನಲ್ಲಿದ್ದ 19ನೆಯ ಮತ್ತು 20ನೆಯ ಆಟಗಾರರು ಗಾಯಕ್ಕೆಂದೇ ಕಾದು ಕುಳಿತಿರುತ್ತಿದ್ದರು. ಆ ವರ್ಷ ಹೋದವರು ಮರಳಿ ಬರಬಹುದೆಂದಾಯಿತು. 1994ರಲ್ಲಿ ಬೆಂಚಿನಲ್ಲಿ ಮೂವರು, 1998ರಲ್ಲಿ ನಾಲ್ವರು ಕುಳಿತರು. ಎಷ್ಟು ಸಲ ಬದಲಾಯಿಸಬಹುದು ಎಂಬುದಕ್ಕೆ ಮಾತ್ರ ಮಿತಿಯೇ ಇರಲಿಲ್ಲ.

ಬಹುಕಾಲ ಯಾರೂ ಈ ಸಡಿಲಿಕೆಯನ್ನು ಪೂರ್ತಿ ಬಳಸಿಕೊಂಡಿರಲಿಲ್ಲ. 2000ದ ದಶಕದ ಮಧ್ಯಭಾಗದಿಂದ ಕೋಚ್‌ಗಳು ಇದನ್ನು ದಣಿವು ನಿರ್ವಹಿಸುವ ಸಾಧನವಾಗಿ ಕಂಡುಕೊಂಡರು. ಮಿಡ್‌ಫೀಲ್ಡರ್ ಕೆಲವೇ ನಿಮಿಷ ಪೂರ್ಣ ವೇಗದಲ್ಲಿ ಓಡಿ ಬೆಂಚಿಗೆ ಬಂದು ಉಸಿರು ತೆಗೆದುಕೊಂಡು ಮತ್ತೆ ಇಳಿಯುತ್ತಿದ್ದ. ಗೋಲ್ ಹೊಡೆದವನು ಸಂಭ್ರಮಿಸುತ್ತಲೇ ಬೆಂಚಿನತ್ತ ಓಡುವ ದೃಶ್ಯ ಸಾಮಾನ್ಯವಾಯಿತು. ಮಿತಿ ಬರುವ ಮುನ್ನ, 2013ರ ಹೊತ್ತಿಗೆ, ತಂಡವೊಂದು ಪಂದ್ಯಕ್ಕೆ ಸುಮಾರು 130 ಸಲ ಆಟಗಾರರನ್ನು ಬದಲಾಯಿಸುತ್ತಿತ್ತು.

ದಣಿಯದ ಆಟಗಾರರೆಂದರೆ ಆಟ ವೇಗವಾಗಿ, ಗೋಲುಗಳು ಹೆಚ್ಚಾಗಬೇಕು ಎಂದು ಅನ್ನಿಸುವುದು ಸಹಜ. ಆದದ್ದು ಅದಕ್ಕೆ ವಿರುದ್ಧ. ದಣಿಯದ ಆಟಗಾರ ಚೆಂಡಿರುವ ಕಡೆಗೆಲ್ಲ ಓಡಬಲ್ಲ, ದಾಳಿ ಮುಗಿದ ಕೂಡಲೇ ರಕ್ಷಣೆಗೂ ಹಿಂತಿರುಗಬಲ್ಲ. ಚೆಂಡಿನ ಸುತ್ತ ಮೂವತ್ತು ಜನ ಮುತ್ತಿಕೊಳ್ಳುವ ಆಟಕ್ಕೆ ಬೇಕಾದ ಶ್ವಾಸಕೋಶವನ್ನು ಒದಗಿಸಿದ್ದೇ ಮಿತಿಯಿಲ್ಲದ ಇಂಟರ್‌ಚೇಂಜ್.

ಆಡಳಿತ ಈ ಬಿಗಿಯನ್ನು ಸಡಿಲಿಸಲು 2014ರಲ್ಲಿ ಪಂದ್ಯಕ್ಕೆ 120, 2016ರಲ್ಲಿ 90, 2021ರಲ್ಲಿ 75 ಎಂದು ಮಿತಿಯನ್ನು ಇಳಿಸುತ್ತ ಬಂದಿತು. 75 ಎಂದರೆ ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದಾದ ಕ್ವಾರ್ಟರಿಗೆ 19ಕ್ಕಿಂತ ಕಡಿಮೆ. ದಣಿದವರು ಹಿಂದೆ ಬೀಳುತ್ತಾರೆ, ಜಾಗ ತೆರೆದುಕೊಳ್ಳುತ್ತದೆ, ಗೋಲುಗಳು ಹೆಚ್ಚುತ್ತವೆ ಎಂಬುದು ನಿರೀಕ್ಷೆಯಾಗಿತ್ತು.

ಆ ನಿರೀಕ್ಷೆ ಈಡೇರಿತೇ?

ಭಾಗಶಃ ಮಾತ್ರ. ಕೋಚ್‌ಗಳು ಕಡಿಮೆ ಓಟದಲ್ಲಿ ಅದೇ ಕಾವಲನ್ನು ಕಾಯುವ ದಾರಿಗಳನ್ನು ಹುಡುಕಿದರು. ಎದುರಾಳಿಯ ಬೆನ್ನಟ್ಟಿ ಓಡುವುದಕ್ಕಿಂತ ವಲಯ ಹಿಡಿದು ನಿಲ್ಲುವುದರಲ್ಲಿ ದಣಿವು ಕಡಿಮೆ, ಹಾಗಾಗಿ ವಲಯ ರಕ್ಷಣೆ ಇನ್ನಷ್ಟು ಬಲವಾಯಿತು. ಚೆಂಡು ತಮ್ಮ ಬಳಿ ಇದ್ದಾಗ ಚಿಕ್ಕ ಚಿಕ್ಕ ಕಿಕ್‌ಗಳಿಂದ ಮಾರ್ಕ್ ಮೇಲೆ ಮಾರ್ಕ್ ಹಿಡಿಯುತ್ತ, ಆ ನೆಪದಲ್ಲಿ ಮೈದಾನದಲ್ಲೇ ವಿಶ್ರಾಂತಿ ಪಡೆಯುವ ಅಭ್ಯಾಸವೂ ಬೆಳೆಯಿತು.

ಇನ್ನೊಂದು ಪರಿಣಾಮ ಹೆಚ್ಚು ಸ್ವಾಗತಾರ್ಹವಾದದ್ದು. ಬೆಂಚಿಗೆ ಹೋಗುವ ಅವಕಾಶ ಕಡಿಮೆಯಾದಂತೆ ಮಿಡ್‌ಫೀಲ್ಡರುಗಳು ಫಾರ್ವರ್ಡ್ ಸಾಲಿನಲ್ಲಿ ನಿಂತು ದಣಿವಾರಿಸಿಕೊಳ್ಳತೊಡಗಿದರು. ರಿಚ್ಮಂಡ್‌ನ ಡಸ್ಟಿನ್ ಮಾರ್ಟಿನ್, ಜೀಲಾಂಗ್‌ನ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಅವರಂಥ ಬಲಶಾಲಿ ಮಿಡ್‌ಫೀಲ್ಡರ್ ಗೋಲಿನ ಮುಂದೆ ನಿಂತರೆ ಎದುರಾಳಿ ಕೋಚ್‌ಗೆ ನಿಜವಾದ ಸಂಕಟ: ಎತ್ತರದ ಡಿಫೆಂಡರ್‌ನನ್ನು ನೇಮಿಸಿದರೆ ಅವನ ಓಟಕ್ಕೆ ಸಾಟಿಯಾಗುವುದಿಲ್ಲ, ಚಿಕ್ಕವನನ್ನು ನೇಮಿಸಿದರೆ ಗಾಳಿಯಲ್ಲಿ ಸೋಲುತ್ತಾನೆ. ವಿಶ್ರಾಂತಿಗೆಂದು ಹುಟ್ಟಿದ ಏರ್ಪಾಟು ಹೀಗೆ ದಾಳಿಯ ಅಸ್ತ್ರವೇ ಆಯಿತು.

ಸಬ್‌ಸ್ಟಿಟ್ಯೂಟ್ ನಿಯಮ ಬಂದು ಹೋದದ್ದು ಏಕೆ?

2011ರಲ್ಲಿ ಬೆಂಚಿನ ನಾಲ್ವರಲ್ಲಿ ಒಬ್ಬನನ್ನು ಹಸಿರು ವೆಸ್ಟ್ ತೊಟ್ಟ ಸಬ್‌ಸ್ಟಿಟ್ಯೂಟ್ ಮಾಡಲಾಯಿತು. ಅವನು ಒಳಗೆ ಬಂದರೆ ಹೊರಹೋದವನು ಕೆಂಪು ವೆಸ್ಟ್ ತೊಟ್ಟು ಕೂರಬೇಕಿತ್ತು. ಒಂದು ತಂಡಕ್ಕೆ ಬೇಗನೆ ಗಾಯವಾದರೆ ಇನ್ನೊಂದಕ್ಕೆ ಅನ್ಯಾಯದ ಲಾಭವಾಗಬಾರದು ಎಂಬುದು ಉದ್ದೇಶ. ಆದರೆ ಎರಡೂವರೆ ಕ್ವಾರ್ಟರ್ ಸುಮ್ಮನೆ ಕುಳಿತು ಕೊನೆಯಲ್ಲಿ ಮಾತ್ರ ಆಡುವ ಪಾತ್ರವನ್ನು ಆಟಗಾರರು ಇಷ್ಟಪಡಲಿಲ್ಲ, 2015ರ ಋತುವಿನ ನಂತರ ಅದನ್ನು ಕೈಬಿಡಲಾಯಿತು. 2021ರಲ್ಲಿ ವೈದ್ಯಕೀಯ ಸಬ್ ಬಂದಿತು. 2023ರಲ್ಲಿ ಗಾಯದ ನೆಪ ಬೇಡ, ತಂತ್ರಕ್ಕಾಗಿಯೂ ಬಳಸಬಹುದು ಎಂದಾಯಿತು. ಕೊನೆಯ ಕ್ವಾರ್ಟರಿನಲ್ಲಿ ದಣಿದ ಡಿಫೆಂಡರುಗಳ ಮೇಲೆ ಹೊಸ ಕಾಲಿನ ವೇಗದ ಫಾರ್ವರ್ಡ್‌ನನ್ನು ಇಳಿಸುವುದು ಆಗ ಸಾಮಾನ್ಯ ತಂತ್ರವಾಗಿತ್ತು. 2026ರ ಋತುವಿಗೆ ಸಬ್ ಮತ್ತೆ ಹೋಗಿ, ಬೆಂಚಿನ ಐವರೂ ಪೂರ್ಣ ಇಂಟರ್‌ಚೇಂಜ್ ಆಟಗಾರರಾಗಿದ್ದಾರೆ.

‘ಫ್ಲಡ್’, ‘ಕ್ಲಸ್ಟರ್’, ‘ಪ್ರೆಸ್’ ಎಂದರೇನು? 6-6-6 ನಿಯಮಕ್ಕೂ ಇವುಗಳಿಗೂ ಏನು ಸಂಬಂಧ?

ಮೂರೂ ಜಾಗವನ್ನು ಕಿತ್ತುಕೊಳ್ಳುವ ವಿಧಾನಗಳು. ಫ್ಲಡ್‌ನಲ್ಲಿ ತಂಡ ತನ್ನ ಬಹುತೇಕ ಆಟಗಾರರನ್ನು ರಕ್ಷಣೆಯ ತುದಿಗೆ ಎಳೆದು ಎದುರಾಳಿಯ ಫಾರ್ವರ್ಡ್‌ಗಳನ್ನು ಮುಳುಗಿಸಿಬಿಡುತ್ತದೆ. 2000ದ ಋತುವಿನಲ್ಲಿ ಒಂದೇ ಒಂದು ಪಂದ್ಯ ಸೋತ ಎಸೆಂಡನ್ ತಂಡಕ್ಕೆ ಆ ಸೋಲನ್ನು ಉಣಿಸಿದ್ದು ಟೆರಿ ವಾಲೇಸ್ ಕೋಚ್ ಆಗಿದ್ದ ವೆಸ್ಟರ್ನ್ ಬುಲ್‌ಡಾಗ್ಸ್, ಇಂಥದ್ದೇ ಭಾರೀ ಫ್ಲಡ್‌ನಿಂದ. 2008ರಲ್ಲಿ ಅಲಸ್ಟೇರ್ ಕ್ಲಾರ್ಕ್ಸನ್ ಅವರ ಹಾಥಾರ್ನ್ ಆಟಗಾರರ ಗುಂಪನ್ನು ಚೆಂಡಿನ ಜೊತೆ ಒಟ್ಟಾಗಿ ಸರಿಸುವ ಕ್ಲಸ್ಟರ್ ತಂತ್ರದಿಂದ ಪ್ರಶಸ್ತಿ ಗೆದ್ದಿತು. 2010ರಲ್ಲಿ ಮಿಕ್ ಮಾಲ್ಟ್‌ಹೌಸ್ ಅವರ ಕಾಲಿಂಗ್‌ವುಡ್ ಅದೇ ಗೋಡೆಯನ್ನು ಎದುರಾಳಿಯ ಅಂಗಳಕ್ಕೇ ಒಯ್ದು, ಚೆಂಡು ಅಲ್ಲಿಂದ ಹೊರಬರದಂತೆ ಒತ್ತುವ ಫಾರ್ವರ್ಡ್ ಪ್ರೆಸ್‌ನಿಂದ ಗೆದ್ದಿತು.

ಇವುಗಳಿಗೆ ಉತ್ತರವಾಗಿ 2019ರಲ್ಲಿ 6-6-6 ನಿಯಮ ಬಂದಿತು. ಕ್ವಾರ್ಟರಿನ ಆರಂಭದಲ್ಲೂ ಪ್ರತಿ ಗೋಲಿನ ನಂತರವೂ ನಡುಮೈದಾನದಲ್ಲಿ ಆಟ ಶುರುವಾಗುವಾಗ, ತಂಡವೊಂದರ ಆರು ಜನ ಒಂದು ತುದಿಯ 50 ಮೀಟರ್ ಕಮಾನಿನೊಳಗೆ (ಗೋಲಿನಿಂದ 50 ಮೀಟರ್ ದೂರದಲ್ಲಿ ಎಳೆದ ಬಾಗಿದ ಗೆರೆ), ಆರು ಜನ ಇನ್ನೊಂದು ತುದಿಯ ಕಮಾನಿನೊಳಗೆ, ಉಳಿದ ಆರರಲ್ಲಿ ನಾಲ್ವರು ಸೆಂಟರ್ ಸ್ಕ್ವೇರ್‌ನಲ್ಲಿ, ಇಬ್ಬರು ವಿಂಗ್‌ಗಳಲ್ಲಿ ಇರಬೇಕು. ಸೆಂಟರ್ ಸ್ಕ್ವೇರ್‌ನಲ್ಲಿ ನಾಲ್ವರೇ ಎಂಬ ಮಿತಿ 1975ರಿಂದಲೂ ಇತ್ತು. ಏಕದಿನ ಕ್ರಿಕೆಟ್‌ನ ಪವರ್‌ಪ್ಲೇಯಲ್ಲಿ ಫೀಲ್ಡರುಗಳನ್ನು ವೃತ್ತದೊಳಗೆ ಕಟ್ಟಿಹಾಕುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಪವರ್‌ಪ್ಲೇ ಹಲವು ಓವರ್ ಇರುತ್ತದೆ. 6-6-6 ಚೆಂಡು ಮೇಲೆದ್ದ ಕ್ಷಣಕ್ಕೇ ಮುಗಿಯುತ್ತದೆ. ಆ ಬಳಿಕ ಯಾರು ಎಲ್ಲಿಗೆ ಬೇಕಾದರೂ ಓಡಬಹುದು.

ಹಾಗಿದ್ದರೆ 6-6-6ರಿಂದ ಪ್ರಯೋಜನವೇ ಆಗಲಿಲ್ಲವೇ?

ಸರಾಸರಿಯನ್ನಷ್ಟೇ ನೋಡಿದರೆ ಹಾಗೇ ಕಾಣುತ್ತದೆ: 2019ರ ಸರಾಸರಿ ಅಂಕ 2018ಕ್ಕಿಂತ ಕಡಿಮೆಯೇ ಆಯಿತು. ನಡುಮೈದಾನದಿಂದ ಚೆಂಡು ಹೊರಬಿದ್ದು ಕೆಲವು ಸೆಕೆಂಡುಗಳಾಗುವಷ್ಟರಲ್ಲಿ ತಂಡಗಳು ತಮಗೆ ಬೇಕಾದ ವ್ಯೂಹಕ್ಕೆ ಮರಳುತ್ತವೆ. ನಿಲ್ಲುವ ಜಾಗವನ್ನು ಒಂದು ಕ್ಷಣಕ್ಕೆ ಕಟ್ಟಿಹಾಕುವ ನಿಯಮದ ಪರಿಣಾಮವೂ ಆ ಕ್ಷಣದಷ್ಟೇ. ಆಟಗಾರನ ತೀರ್ಮಾನದ ಲಾಭನಷ್ಟವನ್ನೇ ಬದಲಿಸುವ ನಿಯಮವಾದರೆ ಅದು ಪಂದ್ಯದುದ್ದಕ್ಕೂ ಕೆಲಸ ಮಾಡುತ್ತಲೇ ಇರುತ್ತದೆ. ಬದಲಾವಣೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ಕಂಡಿಲ್ಲ.

ಆದರೂ ಆ ಕೆಲವು ಸೆಕೆಂಡುಗಳು ಕೆಲವೊಮ್ಮೆ ಪಂದ್ಯವನ್ನೇ ನಿರ್ಧರಿಸುತ್ತವೆ. ಮೊದಲು ಕೊನೆಯ ನಿಮಿಷಗಳಲ್ಲಿ ಒಂದು ಗೋಲ್ ಮುಂದಿದ್ದ ತಂಡ, ಸೆಂಟರ್ ಬೌನ್ಸ್‌ಗೆ, ಅಂದರೆ ಅಂಪೈರ್ ನಡುಮೈದಾನದಲ್ಲಿ ಚೆಂಡನ್ನು ನೆಲಕ್ಕೆ ಬಡಿದು ಆಟ ಶುರುಮಾಡುವುದಕ್ಕೆ, ಮುನ್ನವೇ ಒಬ್ಬಿಬ್ಬರು ಹೆಚ್ಚುವರಿ ಡಿಫೆಂಡರುಗಳನ್ನು ಹಿಂದೆ ನಿಲ್ಲಿಸಿ ಬಾಗಿಲು ಹಾಕಿಬಿಡುತ್ತಿತ್ತು. ಈಗ ಅದು ಸಾಧ್ಯವಿಲ್ಲ. ನಡುಮೈದಾನದ ಗುಂಪಿನಿಂದ ಚೆಂಡನ್ನು ಹೊರತೆಗೆಯುವ ಒಂದು ಶುದ್ಧವಾದ ಕ್ಲಿಯರೆನ್ಸ್, ಒಂದು ಉದ್ದ ಕಿಕ್, ಎದುರಿಗೆ ಆರಕ್ಕೆ ಆರು ಜನ. ಹಿಂದಿರುವ ತಂಡಕ್ಕೆ ಕೊನೆಯವರೆಗೂ ಆಸೆ ಉಳಿಯುತ್ತದೆ.

ಪರ್ತ್‌ನಲ್ಲಿ ನಡೆದ 2021ರ ಗ್ರ್ಯಾಂಡ್ ಫೈನಲ್ ನೆನಪಿಸಿಕೊಳ್ಳಿ. ಮೂರನೆಯ ಕ್ವಾರ್ಟರಿನ ಒಂದು ಹಂತದಲ್ಲಿ ಮೆಲ್ಬರ್ನ್ ತಂಡ ವೆಸ್ಟರ್ನ್ ಬುಲ್‌ಡಾಗ್ಸ್‌ಗಿಂತ 19 ಅಂಕ ಹಿಂದಿತ್ತು. ಅದೇ ಕ್ವಾರ್ಟರ್ ಮುಗಿಯುವಾಗ 24 ಅಂಕ ಮುಂದಿತ್ತು. ರಕ್‌ಮನ್ (ಮೇಲೇರಿದ ಚೆಂಡಿಗೆ ಹಾರಿ ತನ್ನವರ ಕಡೆ ತಟ್ಟುವ ಎತ್ತರದ ಆಟಗಾರ) ಮ್ಯಾಕ್ಸ್ ಗಾನ್, ಮಿಡ್‌ಫೀಲ್ಡರುಗಳಾದ ಕ್ಲೇಟನ್ ಆಲಿವರ್ ಮತ್ತು ಕ್ರಿಶ್ಚಿಯನ್ ಪೆಟ್ರಾಕಾ ನಡುಮೈದಾನದಲ್ಲಿ ಮೇಲುಗೈ ಸಾಧಿಸಿದ ಮೇಲೆ ಗೋಲಿನ ಹಿಂದೆ ಗೋಲ್ ಬಂದಿತು. ಇಂಥ ಹೊತ್ತಿನಲ್ಲಿ ಹಳೆಯ ಕಾಲದ ಕೋಚ್ ಒಬ್ಬ ಫಾರ್ವರ್ಡ್‌ನನ್ನು ಹಿಂದಕ್ಕೆ ಕರೆಸಿ ಪ್ರವಾಹಕ್ಕೆ ಒಡ್ಡು ಕಟ್ಟುತ್ತಿದ್ದ. ಬುಲ್‌ಡಾಗ್ಸ್‌ಗೆ ಪ್ರತಿ ಗೋಲಿನ ನಂತರವೂ ಅದೇ ಆರು-ಆರು-ಆರರಲ್ಲಿ ನಿಂತು ಮುಂದಿನ ಏಟನ್ನು ಎದುರಿಸುವುದು ಅನಿವಾರ್ಯವಾಗಿತ್ತು. ಕೊನೆಗೆ ಮೆಲ್ಬರ್ನ್ 140–66ರಿಂದ ಗೆದ್ದಿತು.

‘ಸ್ಟ್ಯಾಂಡ್’ ನಿಯಮ ಏನು ಹೇಳುತ್ತದೆ? ಅದರಿಂದ ಏನು ಬದಲಾಯಿತು?

ಮಾರ್ಕ್ ಅಥವಾ ಫ್ರೀ ಕಿಕ್ ಪಡೆದವನ ಎದುರು ಒಬ್ಬ ಎದುರಾಳಿ ‘ಮಾರ್ಕ್ ಕಾಯುತ್ತ’, ಅಂದರೆ ಚೆಂಡು ಸಿಕ್ಕ ಜಾಗದ ಮೇಲೆ, ನಿಲ್ಲುತ್ತಾನೆ. ಮೊದಲು ಅವನು ಎಡಕ್ಕೆ, ಬಲಕ್ಕೆ ಸರಿದಾಡಿ ಒದೆಯುವವನ ಕೋನಗಳನ್ನು ಮುಚ್ಚಬಹುದಿತ್ತು. 2021ರಿಂದ ಅಂಪೈರ್ ‘ಸ್ಟ್ಯಾಂಡ್’ ಎಂದು ಕೂಗಿದ ಮೇಲೆ, ‘ಪ್ಲೇ ಆನ್’ ಎನ್ನುವವರೆಗೆ ಅವನು ಕದಲುವಂತಿಲ್ಲ. ಕದಲಿದರೆ 50 ಮೀಟರ್ ದಂಡ, ಅಂದರೆ ಒದೆಯುವವನು ಅಷ್ಟು ಮುಂದಕ್ಕೆ ಹೋಗಿ ಒದೆಯುತ್ತಾನೆ.

ಈ ಚಿಕ್ಕ ನಿಯಮದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಡಿಫೆಂಡರ್ ಒಬ್ಬ ಬೌಂಡರಿಯ ಬಳಿ, ತನ್ನ ಗೋಲಿನಿಂದ 60 ಮೀಟರ್ ದೂರದಲ್ಲಿ ಮಾರ್ಕ್ ಹಿಡಿದಿದ್ದಾನೆ ಎನ್ನಿ. ಸುರಕ್ಷಿತ ದಾರಿ ಗೆರೆಯ ಉದ್ದಕ್ಕೂ ಒದೆಯುವುದು. ಲಾಭದ ದಾರಿ 45 ಡಿಗ್ರಿ ಒಳಕ್ಕೆ, ಅಂದರೆ ಮೈದಾನದ ನಡುಭಾಗವಾದ ‘ಕಾರಿಡಾರ್’ಗೆ ಒದೆಯುವುದು. ಹಳೆಯ ನಿಯಮದಲ್ಲಿ ಮಾರ್ಕ್ ಮೇಲಿದ್ದವನು ಎರಡು ಹೆಜ್ಜೆ ಒಳಕ್ಕೆ ಸರಿದರೆ ಸಾಕು, ಕಾರಿಡಾರ್‌ನ ಕೋನ ಮುಚ್ಚಿಹೋಗುತ್ತಿತ್ತು, ಚೆಂಡು ಬೌಂಡರಿಯುದ್ದಕ್ಕೇ ಹೋಗಬೇಕಾಗುತ್ತಿತ್ತು. ಈಗ ಒದೆಯುವವನು ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು, ಅಂಪೈರ್ ‘ಪ್ಲೇ ಆನ್’ ಎನ್ನುವ ಹೊತ್ತಿಗೆ ಒಳಗಿನ ಕಿಕ್ ಮುಗಿಸಿರುತ್ತಾನೆ. ಇಲ್ಲವೇ ಹಿಂದಿನಿಂದ ಓಡಿಬಂದ ಸಹ ಆಟಗಾರನಿಗೆ ಹ್ಯಾಂಡ್‌ಬಾಲ್ (ಮುಷ್ಟಿಯಿಂದ ಹೊಡೆದು ಚೆಂಡು ದಾಟಿಸುವುದು) ಕೊಡುತ್ತಾನೆ. ಮಾರ್ಕ್ ಮೇಲಿರುವವನು ಅವನು ಹಾದುಹೋಗುವುದನ್ನು ನೋಡುತ್ತ ನಿಲ್ಲಬೇಕಷ್ಟೇ.

ಇದು ತೀರ್ಮಾನದ ಲಾಭನಷ್ಟವನ್ನು ಬದಲಿಸುವ ನಿಯಮ. ಕಾರಿಡಾರ್ ಕಿಕ್‌ನ ಅಪಾಯ ತಗ್ಗಿತು, ಹಾಗಾಗಿ ಅದರ ಬಳಕೆ ಹೆಚ್ಚಿತು.

ಕೋಚ್‌ಗಳು ಸ್ಟ್ಯಾಂಡ್ ನಿಯಮಕ್ಕೆ ಉತ್ತರ ಕಂಡುಕೊಳ್ಳಲಿಲ್ಲವೇ?

ಕಂಡುಕೊಂಡರು. ಮಾರ್ಕ್ ಮೇಲೆ ನಿಂತರೆ ಕದಲುವಂತಿಲ್ಲ ಎಂದಾದರೆ ಮಾರ್ಕ್ ಮೇಲೆ ನಿಲ್ಲದಿರುವುದೇ ಒಂದು ದಾರಿ. ಹತ್ತಿರವಿದ್ದ ಡಿಫೆಂಡರ್ ಬೇಗನೆ ಐದು ಮೀಟರ್‌ಗಿಂತ ಹಿಂದೆ ಸರಿದುಬಿಟ್ಟರೆ ಅವನಿಗೆ ‘ಸ್ಟ್ಯಾಂಡ್’ ಅನ್ವಯವಾಗುತ್ತಿರಲಿಲ್ಲ. ಅಲ್ಲಿಂದ ಅವನು ಓಡಾಡುತ್ತ ಕಾರಿಡಾರ್ ಕಾಯಬಹುದಿತ್ತು. ಜೊತೆಗೆ ವಲಯ ರಕ್ಷಣೆಯನ್ನು ಬೌಂಡರಿಯ ಕಡೆಯಿಂದ ಒಳಕ್ಕೆ ಎಳೆದುಕೊಂಡು, ‘ಗೆರೆಯುದ್ದಕ್ಕೆ ಬೇಕಾದರೆ ಒದ್ದುಕೋ’ ಎಂದು ಎದುರಾಳಿಗೆ ಬಿಟ್ಟುಕೊಡುವ ವ್ಯೂಹಗಳೂ ಬಂದವು. ಆ ಉದ್ದ ಕಿಕ್‌ಗಳನ್ನು ನಡುವೆಯೇ ತಡೆದು ಮಾರ್ಕ್ ಹಿಡಿಯಬಲ್ಲ ಎತ್ತರದ ಡಿಫೆಂಡರುಗಳ ಬೆಲೆ ಏರಿತು. 2021ರ ಚಾಂಪಿಯನ್ ಮೆಲ್ಬರ್ನ್‌ಗೆ ಸ್ಟೀವನ್ ಮೇ ಮತ್ತು ಜೇಕ್ ಲೀವರ್ ಇದ್ದದ್ದು ಇಂಥ ಪಾತ್ರದಲ್ಲೇ. ಋತುವಿನ ಆರಂಭದಲ್ಲಿ ಏರಿದ್ದ ಅಂಕಗಳು ಕೊನೆಯ ಹೊತ್ತಿಗೆ ಮತ್ತೆ 80ರ ಆಸುಪಾಸಿಗೇ ಬಂದು ನಿಂತವು.

ಆದರೂ ಇದನ್ನು ವಿಫಲ ನಿಯಮ ಎಂದು ನಾನು ಒಪ್ಪುವುದಿಲ್ಲ. ಅಂಕ ಹೆಚ್ಚದಿದ್ದರೂ ಚೆಂಡು ಚಲಿಸುವ ದಾರಿ ಬದಲಾಯಿತು. ರಕ್ಷಣೆಯಿಂದ ಓಡಿ ಬಂದು ದಾಳಿ ಕಟ್ಟುವ ಆಟಗಾರರಿಗೆ ಅದು ಹೊಸ ಜೀವ ಕೊಟ್ಟಿತು.

ಕಿಕ್-ಇನ್ ನಿಯಮದಲ್ಲಿ ಏನೇನು ಬದಲಾಗಿದೆ?

ಎದುರಾಳಿ ಬಿಹೈಂಡ್ ಗಳಿಸಿದಾಗ ರಕ್ಷಣೆಯ ತಂಡ ಗೋಲ್ ಸ್ಕ್ವೇರ್‌ನಿಂದ, ಅಂದರೆ ಗೋಲಿನ ಎದುರೇ ಗುರುತಿಸಿದ ಚೌಕದಿಂದ, ಚೆಂಡನ್ನು ಒಳಕ್ಕೆ ಒದೆಯುತ್ತದೆ. 2006ರಿಂದ ಗೋಲ್ ಅಂಪೈರ್ ಬಾವುಟ ಬೀಸಿ ಮುಗಿಸುವವರೆಗೆ ಕಾಯಬೇಕಿಲ್ಲ ಎಂದಾಯಿತು. 2019ಕ್ಕೆ ಮೊದಲು ಸ್ಕ್ವೇರ್‌ನಿಂದ ಓಡಿ ಹೊರಬರಬೇಕಾದರೆ ಮೊದಲು ತನಗೆ ತಾನೇ ಚೆಂಡನ್ನು ಒದ್ದುಕೊಳ್ಳಬೇಕಿತ್ತು. ಆ ವರ್ಷದಿಂದ ಸುಮ್ಮನೆ ಓಡಿ ಬರಬಹುದು. ಎದುರಿಗೆ ನಿಲ್ಲುವವನನ್ನೂ 2019ರಲ್ಲಿ ಸ್ಕ್ವೇರ್‌ನಿಂದ 10 ಮೀಟರ್, 2021ರಲ್ಲಿ 15 ಮೀಟರ್ ಹಿಂದಕ್ಕೆ ತಳ್ಳಲಾಯಿತು.

ಫಾರ್ವರ್ಡ್ ಪ್ರೆಸ್‌ಗೆ ಇದು ನೇರ ಪೆಟ್ಟು. ಓಡಿಬಂದು ಒದ್ದ ಚೆಂಡು ಈಗ ಗೋಲಿನಿಂದ 70 ಮೀಟರ್‌ವರೆಗೂ ಬೀಳಬಲ್ಲದು. ಒತ್ತುವ ತಂಡ ತನ್ನ ಗೋಡೆಯನ್ನು ಅಷ್ಟು ಹಿಂದಕ್ಕೆ ಹಿಗ್ಗಿಸಿದರೆ ಹತ್ತಿರದಲ್ಲಿ ಬಿರುಕು ಬೀಳುತ್ತದೆ, ಹತ್ತಿರ ಬಿಗಿದರೆ ತಲೆಯ ಮೇಲಿಂದ ಚೆಂಡು ಹೋಗುತ್ತದೆ. ಇದರಿಂದಾಗಿ ತಂಡದ ಅತ್ಯುತ್ತಮ ಒದೆತಗಾರರಲ್ಲಿ ಒಬ್ಬನನ್ನು ಹಿಂದಿನ ಸಾಲಿನಲ್ಲಿ ಇಟ್ಟುಕೊಳ್ಳುವುದು ಈಗ ಪ್ರತಿ ಕ್ಲಬ್ಬಿನ ಅಗತ್ಯ.

ಬೇಕೆಂದೇ ಬಿಹೈಂಡ್ ಬಿಟ್ಟುಕೊಡುವುದನ್ನು ನಿಷೇಧಿಸಿದ್ದೇಕೆ?

ಒಂದು ಅಂಕ ಕೊಟ್ಟು ಚೆಂಡನ್ನು ನಿರಾತಂಕವಾಗಿ ಪಡೆಯುವುದು ಬಹಳ ಅಗ್ಗದ ವ್ಯಾಪಾರ. ಒತ್ತಡದಲ್ಲಿರುವ ಡಿಫೆಂಡರ್ ಚೆಂಡನ್ನು ತನ್ನದೇ ಗೋಲ್ ಗೆರೆಯಾಚೆ ದಾಟಿಸಿದರೆ ಎದುರಾಳಿಗೆ 1 ಅಂಕ, ತನಗೆ ಕಿಕ್-ಇನ್. 2008ರಲ್ಲಿ ರಿಚ್ಮಂಡ್‌ನ ಜೋಯಲ್ ಬೌಡನ್ ಎಸೆಂಡನ್ ವಿರುದ್ಧದ ಪಂದ್ಯದ ಕೊನೆಯಲ್ಲಿ ಸಮಯ ಕಳೆಯಲೆಂದೇ ಹೀಗೆ ಮಾಡಿದರು. ಅದೇ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ಇಂಥ 11 ಬಿಹೈಂಡ್‌ಗಳನ್ನು ಬಿಟ್ಟುಕೊಟ್ಟಿತು. ಜೀಲಾಂಗ್ 11 ಗೋಲ್, 23 ಬಿಹೈಂಡ್‌ಗಳಿಂದ 89 ಅಂಕ ಗಳಿಸಿ, 115 ಗಳಿಸಿದ ಹಾಥಾರ್ನ್‌ಗೆ ಸೋತಿತು.

2009ರಿಂದ ಒತ್ತಡವಿಲ್ಲದೆ ಬೇಕೆಂದೇ ಹಾಗೆ ಮಾಡಿದರೆ ಎದುರಾಳಿಗೆ ಗೋಲಿನ ಬಾಯಲ್ಲೇ ಫ್ರೀ ಕಿಕ್, ಅಂದರೆ ಹೆಚ್ಚುಕಡಿಮೆ ಖಚಿತವಾದ 6 ಅಂಕ. ಒಂದು ಅಂಕದ ವ್ಯಾಪಾರ ಆರು ಅಂಕದ್ದಾದ ಕೂಡಲೇ ಆ ತಂತ್ರ ಕಣ್ಮರೆಯಾಯಿತು. ಗೋಲಿನ ಎದುರೇ ಹ್ಯಾಂಡ್‌ಬಾಲ್‌ಗಳಿಂದ ದಾರಿ ಬಿಡಿಸಿಕೊಳ್ಳುವ ಧೈರ್ಯ ಡಿಫೆಂಡರುಗಳಿಗೆ ಬೇಕಾಯಿತು. ಇಷ್ಟು ಸ್ವಚ್ಛವಾಗಿ ಗುರಿ ಮುಟ್ಟಿದ ನಿಯಮ ಇನ್ನೊಂದಿಲ್ಲ ಎನ್ನಬಹುದು.

ರಕ್ ನಿಯಮಗಳಿಂದ ಯಾರಿಗೆ ಲಾಭವಾಯಿತು?

ಎತ್ತರದ ಪರಿಣತ ರಕ್‌ಮನ್‌ಗಳಿಗೆ. ನಡುಮೈದಾನದಲ್ಲಿ ದೂರದಿಂದ ಓಡಿಬಂದು ಹಾರುವಾಗ ಮೊಣಕಾಲುಗಳು ಢಿಕ್ಕಿಯಾಗಿ ಗಾಯಗಳಾಗುತ್ತಿದ್ದುದರಿಂದ 2005ರಲ್ಲಿ 10 ಮೀಟರ್ ವೃತ್ತ ಎಳೆದು ಓಟವನ್ನು ಮಿತಿಗೊಳಿಸಲಾಯಿತು. 2017ರಲ್ಲಿ ಇಬ್ಬರು ರಕ್‌ಮನ್‌ಗಳ ನಡುವೆ ಮೂರನೆಯವನು ಹಾರಿಬಂದು ಚೆಂಡು ತಟ್ಟುವುದನ್ನು ನಿಷೇಧಿಸಲಾಯಿತು. ಅದಕ್ಕೆ ಮೊದಲು ಜೀಲಾಂಗ್‌ನ ಮಾರ್ಕ್ ಬ್ಲಿಕಾವ್ಸ್‌ರಂಥ ಹಾರುವ ಶಕ್ತಿಯುಳ್ಳ ಮೂರನೆಯವನನ್ನು ಬಳಸಿ, ಬಲಿಷ್ಠ ರಕ್‌ಮನ್‌ನ ಮೇಲುಗೈಯನ್ನು ಅಳಿಸಿಹಾಕಬಹುದಿತ್ತು. ನಿಷೇಧದ ನಂತರ ಸ್ಪರ್ಧೆ ಒಬ್ಬನಿಗೆ ಒಬ್ಬ ಎಂದಾಯಿತು, ಗಾನ್, ಬ್ರೋಡಿ ಗ್ರಂಡಿ ಅವರಂಥವರ ಮಹತ್ವ ಹೆಚ್ಚಿತು. 2019ರಿಂದ ರಕ್‌ಮನ್ ಚೆಂಡನ್ನು ತಟ್ಟುವ ಬದಲು ಹಿಡಿದುಕೊಂಡರೂ, ಟ್ಯಾಕಲ್ ಆದ ಮಾತ್ರಕ್ಕೆ ಶಿಕ್ಷೆಯಿಲ್ಲ.

ರನ್ನರ್‌ಗಳ ಮೇಲೆ ನಿರ್ಬಂಧ ಏಕೆ ಬಂದಿತು?

ಕೋಚ್‌ನ ಸಂದೇಶ ಒಯ್ಯುವ ರನ್ನರ್‌ಗಳು ಆಟ ನಡೆಯುವಾಗಲೇ ಮೈದಾನದಲ್ಲಿ ನಿಂತು ವ್ಯೂಹವನ್ನು ತಿದ್ದುತ್ತಿದ್ದರು. 2019ರಿಂದ ಗೋಲ್ ಆದ ನಂತರವಷ್ಟೇ ಅವರಿಗೆ ಪ್ರವೇಶ. ಹೀಗಾಗಿ ಮೈದಾನದಲ್ಲೇ ವ್ಯೂಹ ಓದಿ ಕೂಗಿ ಹೇಳಬಲ್ಲ ಅನುಭವಿ ಡಿಫೆಂಡರ್‌ನ ಮಾತಿಗೆ ತೂಕ ಬಂದಿತು.

ಬೌಂಡರಿ ನಿಯಮಗಳು ತಂತ್ರವನ್ನು ಹೇಗೆ ತಿದ್ದಿವೆ?

ಈ ಪುಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಸುಮಾರು ನೂರು ವರ್ಷಗಳ ಪ್ರಯೋಗದ ಫಲ ಇಲ್ಲಿ ಕಣ್ಣೆದುರಿಗಿದೆ.

ಅಪಾಯದಲ್ಲಿರುವ ತಂಡಕ್ಕೆ ಬೌಂಡರಿ ಗೆರೆ ಆಶ್ರಯ. ಚೆಂಡನ್ನು ಆಚೆ ಕಳಿಸಿದರೆ ಥ್ರೋ-ಇನ್ ಆಗುತ್ತದೆ, ಅಂದರೆ ಅಂಪೈರ್ ಅದನ್ನು ಒಳಕ್ಕೆ ಎಸೆಯುತ್ತಾನೆ, ಎಲ್ಲರಿಗೂ ಓಡಿಬಂದು ಜಾಗ ಹಿಡಿಯಲು ಸಮಯ ಸಿಗುತ್ತದೆ. 1925ರಲ್ಲಿ ಈ ಆಶ್ರಯವನ್ನು ಕಿತ್ತುಹಾಕಲಾಯಿತು: ಚೆಂಡನ್ನು ಕೊನೆಯದಾಗಿ ಹೊರಗೆ ಕಳಿಸಿದ ತಂಡದ ವಿರುದ್ಧ ಫ್ರೀ ಕಿಕ್. 1930ರ ದಶಕದ ಕೊನೆಯ ಹೊತ್ತಿನವರೆಗೆ ನಡೆದ ಈ ಕಾಲದಲ್ಲಿ ಚೆಂಡು ಕಾರಿಡಾರ್‌ನಲ್ಲೇ ಹೆಚ್ಚು ಸಂಚರಿಸಿತು, ಗೋಲಿನ ಎದುರು ನಿಲ್ಲುವ ಫುಲ್ ಫಾರ್ವರ್ಡ್‌ಗಳಿಗೆ ಸುಗ್ಗಿಯಾಯಿತು. ಸೌತ್ ಮೆಲ್ಬರ್ನ್‌ನ ಬಾಬ್ ಪ್ರ್ಯಾಟ್ ಒಂದೇ ಋತುವಿನಲ್ಲಿ 150 ಗೋಲ್ ಹೊಡೆದದ್ದು 1934ರಲ್ಲಿ. ಆ ಬಳಿಕ ಥ್ರೋ-ಇನ್ ಮರಳಿ ಬಂದಿತು.

1969ರಲ್ಲಿ ಅರ್ಧ ದಾರಿಯ ನಿಯಮ ಬಂದಿತು: ಒದ್ದ ಚೆಂಡು ನೆಲ ಮುಟ್ಟದೆ ನೇರವಾಗಿ ಹೊರಹೋದರೆ ಮಾತ್ರ ಫ್ರೀ ಕಿಕ್. ಪ್ರ್ಯಾಟ್ ದಾಖಲೆಯನ್ನು ಹಾಥಾರ್ನ್‌ನ ಪೀಟರ್ ಹಡ್ಸನ್ ಸರಿಗಟ್ಟಿದ್ದು 1971ರಲ್ಲಿ, ಅಂದರೆ ಬೌಂಡರಿ ಮತ್ತೆ ದುಬಾರಿಯಾದ ಎರಡು ವರ್ಷಗಳಲ್ಲಿ. ಇಬ್ಬರೂ ಅಸಾಧಾರಣ ಆಟಗಾರರು, ಅವರ ಸಾಧನೆಗೆ ನಿಯಮವೊಂದೇ ಕಾರಣವಲ್ಲ; ಆದರೂ ಗೋಲುಗಳ ಶಿಖರಗಳೆರಡೂ ಗೆರೆಯ ಆಶ್ರಯ ಕಡಿಮೆಯಾದ ಕಾಲಗಳಲ್ಲೇ ಬಂದವೆಂಬುದನ್ನು ಕಡೆಗಣಿಸಲಾಗದು. 2016ರಲ್ಲಿ ‘ಬೇಕೆಂದೇ ಹೊರಗೆ ಕಳಿಸಿದ’ ಎಂಬುದನ್ನು ನಿರ್ಣಯಿಸುವ ಮಾನದಂಡವನ್ನೂ ಬಿಗಿಗೊಳಿಸಿ, ಚೆಂಡನ್ನು ಒಳಗೆ ಉಳಿಸಿಕೊಳ್ಳುವ ಪ್ರಯತ್ನ ಕಾಣಬೇಕು ಎನ್ನಲಾಯಿತು. ಆಟಗಾರನ ಮನಸ್ಸಿನಲ್ಲಿದ್ದುದನ್ನು ಓದುವ ಈ ಹೊರೆ ಅಂಪೈರ್‌ಗಳಿಗೆ ಸುಲಭವಾಗಿರಲಿಲ್ಲ.

2026ರ ಬೌಂಡರಿ ನಿಯಮ ಹಳೆಯದಕ್ಕಿಂತ ಹೇಗೆ ಭಿನ್ನ? ತಂಡಗಳು ಏನು ಮಾಡಬೇಕಾಗುತ್ತದೆ?

ಈಗ ಎರಡು 50 ಮೀಟರ್ ಕಮಾನುಗಳ ನಡುವಿನ ಭಾಗದಲ್ಲಿ ಒಬ್ಬ ಆಟಗಾರ ಒದ್ದ ಅಥವಾ ಹ್ಯಾಂಡ್‌ಬಾಲ್ ಮಾಡಿದ ಚೆಂಡು ಬೇರೆ ಯಾರನ್ನೂ ತಗುಲದೆ ಹೊರಹೋದರೆ ಎದುರಾಳಿಗೆ ಫ್ರೀ ಕಿಕ್. ಉದ್ದೇಶವನ್ನು ಊಹಿಸಬೇಕಿಲ್ಲ. ಕಮಾನುಗಳ ಒಳಗೆ ಹಿಂದಿನ ಮಾನದಂಡವೇ ಉಳಿದಿದೆ. ದಕ್ಷಿಣ ಆಸ್ಟ್ರೇಲಿಯದ ಲೀಗ್ ಇಂಥ ನಿಯಮವನ್ನು 2016ರಿಂದಲೇ ಆಡಿಸುತ್ತಿದೆ, ಮಹಿಳೆಯರ ಎಎಫ್‌ಎಲ್‌ನಲ್ಲೂ ಅದರ ಅನುಭವವಿದೆ.

ರಕ್ಷಣೆಯಿಂದ ಹೊರಬರಲು ಗೆರೆಯುದ್ದಕ್ಕೆ ಉದ್ದವಾಗಿ ಒದ್ದು, ಎತ್ತರದವರ ಗುಂಪಿನಲ್ಲಿ ಸ್ಪರ್ಧೆ ಏರ್ಪಡಿಸಿ, ಏನೂ ಆಗದಿದ್ದರೆ ಥ್ರೋ-ಇನ್‌ಗೆ ತೃಪ್ತಿಪಡುವುದು ಹಲವು ವರ್ಷಗಳಿಂದ ಎಲ್ಲ ತಂಡಗಳ ಖಾಯಂ ತಂತ್ರ. ಇನ್ನು ಆ ಕಿಕ್ ಗೆರೆಯಿಂದ ಹತ್ತು ಮೀಟರ್ ದೂರ, ಮೈದಾನದ ಒಳಗೆ ಬೀಳಬೇಕು, ಇಲ್ಲವೇ ಸಹ ಆಟಗಾರನ ಎದೆಗೇ ಹೋಗಬೇಕು. ಅದರಿಂದ ವಿಂಗ್‌ನಲ್ಲಿ ಆಡುವವನ ಕೆಲಸವೂ ಬದಲಾಗುತ್ತದೆ. ಗೆರೆಯ ಕಡೆ ಉರುಳುವ ಚೆಂಡನ್ನು ತನ್ನ ತಂಡದವನು ಒದ್ದಿದ್ದರೆ ಅದನ್ನು ಹೇಗಾದರೂ ಮುಟ್ಟಿ ಉಳಿಸಬೇಕು. ಎದುರಾಳಿ ಒದ್ದದ್ದಾದರೆ ಮುಟ್ಟದೆ, ಮೈ ಅಡ್ಡವಿಟ್ಟು, ಅದು ತಾನಾಗಿ ಹೊರಹೋಗುವಂತೆ ಕಾಯುವುದು ಲಾಭ. ಒಂದೇ ಚೆಂಡಿನ ಹಿಂದೆ ಓಡುವ ಇಬ್ಬರ ಆಸೆಗಳು ಹೀಗೆ ವಿರುದ್ಧವಾಗಿರುವ ದೃಶ್ಯ ಈ ಆಟದಲ್ಲಿ ಇಷ್ಟು ದಿನ ಅಪರೂಪವಾಗಿತ್ತು.

ನೆಲಕ್ಕೆ ಬಡಿದು ಚೆಂಡನ್ನು ಮೇಲೆಬ್ಬಿಸುವ ಬೌನ್ಸ್ ಹೋದದ್ದರಿಂದ ತಂತ್ರಕ್ಕೆ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಆಗುತ್ತದೆ. ಮೈದಾನದ ಉಳಿದ ಭಾಗಗಳಲ್ಲಿ ಅಂಪೈರ್ ಚೆಂಡನ್ನು ಮೇಲಕ್ಕೆ ಎಸೆಯುವುದು 2013ರಿಂದಲೇ ರೂಢಿಯಾಗಿತ್ತು. 2026ರಲ್ಲಿ ಸೆಂಟರ್ ಬೌನ್ಸ್ ಕೂಡ ಹೋಯಿತು. ಬೌನ್ಸ್ ವಾರೆಯಾಗಿ ಹೋಗುವ ಸಾಧ್ಯತೆ ಯಾವಾಗಲೂ ಇರುತ್ತಿತ್ತು, ರಕ್‌ಮನ್ ಕೊನೆಯ ಕ್ಷಣದಲ್ಲಿ ಹೆಜ್ಜೆ ತಿದ್ದಿಕೊಳ್ಳಬೇಕಾಗುತ್ತಿತ್ತು. ನೇರವಾಗಿ ಮೇಲೇರುವ ಚೆಂಡು ಎಲ್ಲಿ ಇಳಿಯುತ್ತದೆಂದು ಮೊದಲೇ ಗೊತ್ತಿರುವುದರಿಂದ, ರಕ್‌ಮನ್ ಯಾವ ಕಡೆಗೆ ತಟ್ಟಬೇಕು, ಮೂವರು ಮಿಡ್‌ಫೀಲ್ಡರುಗಳಲ್ಲಿ ಯಾರು ತಡೆಯಬೇಕು, ಯಾರು ಓಡಿಬಂದು ಪಡೆಯಬೇಕು ಎಂಬ ಅಭ್ಯಾಸ ಮಾಡಿದ ವ್ಯೂಹಗಳು ಹೆಚ್ಚು ಸಲ ಫಲಿಸುತ್ತವೆ. 6-6-6 ಇನ್ನೂ ಜಾರಿಯಲ್ಲಿರುವುದರಿಂದ ಅಂಥ ಒಂದು ಫಲಿಸಿದ ವ್ಯೂಹದ ಎದುರು ಗೋಲಿನವರೆಗೆ ಆರು ಡಿಫೆಂಡರುಗಳಷ್ಟೇ ಇರುತ್ತಾರೆ. ಗೋಲ್ ಆದ ಮೇಲಿನ ಮೊದಲ ಹತ್ತು ಸೆಕೆಂಡುಗಳಿಗೆ ಕ್ಲಬ್ಬುಗಳು ತರಬೇತಿಯಲ್ಲಿ ಇನ್ನು ಮುಂದೆ ಹೆಚ್ಚು ಸಮಯ ಕೊಡಬೇಕಾಗುತ್ತದೆ.